ಅ ದೇಶದ ಅಧ್ಯಕ್ಷರು

ಫ್ಯಾನು ಕೆಟ್ಟದ್ದೇ ಎಲ್ಲಕ್ಕೂ ಮೂಲ. ಅದು ತಿರುಗುತ್ತಿದ್ದಿದ್ದರೆ ಕಿಟಕಿ ತೆರೆಯುವ ಪ್ರಮೇಯ ಬರುತ್ತಿರಲಿಲ್ಲ. ಕಿಟಕಿ ಮುಚ್ಚಿದ್ದಿದ್ದರೆ ಕೆಳಗಿನ ಮನೆಯ ಅಧ್ಯಕ್ಷರ ಕಿವಿಗೆ ಆ ವಾಕ್ಯ ಬೀಳುತ್ತಿರಲಿಲ್ಲ.

ಕಿಟಕಿಯ ಒಳಗೆ ಬೆವರುತ್ತ ಕೂತಿದ್ದವನು ಪ್ರೂಫ್ ತಿದ್ದುವವನು. ಕಟ್ಟಡದವರೆಲ್ಲ ಅವನನ್ನು ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ಅಚ್ಚಿನ ತಪ್ಪು ಹುಡುಕಿ ಹುಡುಕಿ, ತನ್ನ ಮಾತಿನಲ್ಲೂ ಎಲ್ಲಿ ತಪ್ಪು ನುಸುಳೀತೋ ಎಂಬ ಭಯ ಅವನಿಗೆ ಹತ್ತಿತ್ತು. ಎರಡು ಪದ ಆಡಿ ನಿಲ್ಲುತ್ತಿದ್ದ. ಮುಂದಿನದನ್ನು ಮನಸ್ಸಿನಲ್ಲೇ ತಿದ್ದಿ ಆಮೇಲೆ ಹೊರಗೆ ಬಿಡುತ್ತಿದ್ದ. ಅಷ್ಟರಲ್ಲಿ ಎದುರಿಗಿದ್ದವರು ವಾಕ್ಯವನ್ನು ತಮಗೆ ಬೇಕಾದ ಹಾಗೆ ಮುಗಿಸಿಕೊಂಡು ಹೊರಟೇಹೋಗಿರುತ್ತಿದ್ದರು.

ಹೆಂಡತಿಯದು ಇದಕ್ಕೆ ತದ್ವಿರುದ್ಧ. ಯಾವ ಗಾಡಿ ಯಾವ ಕಡೆ ಬರುತ್ತದೆಂದು ರೈಲು ನಿಲ್ದಾಣದಲ್ಲಿ ಸಾರುತ್ತಾರಲ್ಲ, ಅಂಥ ಗಂಟಲು. ಅವರ ಕೆಲಸಕ್ಕೆ ಅದು ಬೇಕಿತ್ತು ಕೂಡ. ಅವಳು ಲೇಖಕರ ಪ್ರತಿಯನ್ನು ಜೋರಾಗಿ ಓದಬೇಕು, ಅವನು ಅಚ್ಚಾಗಿ ಬಂದ ಹಾಳೆಯ ಮೇಲೆ ಪೆನ್ನು ಆಡಿಸುತ್ತ ಹೋಗಬೇಕು. ಅಕ್ಷರಗಳನ್ನಷ್ಟೇ ಓದಿದರೆ ಸಾಲದು, ನಡುವಿನ ಚಿಹ್ನೆಗಳನ್ನೂ ಬಾಯಿಬಿಟ್ಟು ಹೇಳಬೇಕು.

ಆ ದಿನ ಮೇಜಿನ ಮೇಲಿದ್ದದ್ದು ಶಾಲೆಯ ಸಮಾಜ ವಿಜ್ಞಾನದ ಪುಸ್ತಕ. ಪಾಠದ ಹೆಸರು ‘ದೇಶಗಳನ್ನು ವಿಂಗಡಿಸುವ ಬಗೆ’. ಯಾವುದು ಮುಂದುವರಿದ ದೇಶ, ಯಾವುದು ಮುಂದುವರಿಯುತ್ತಿರುವುದು, ಯಾವುದು ಅತಿ ಹಿಂದುಳಿದದ್ದು. ಎಲ್ಲಿ ಜನರ ಆಡಳಿತ, ಎಲ್ಲಿ ಒಬ್ಬನ ಆಡಳಿತ, ಇವೆಲ್ಲ ಅದರಲ್ಲಿದ್ದವು. ಸಂಜೆಯೊಳಗೆ ಅದು ಮುದ್ರಣಾಲಯ ಸೇರಬೇಕಿತ್ತು. ತಡವಾದರೆ ಮುಂದಿನ ಪುಸ್ತಕಗಳೆಲ್ಲ ಬೇರೆಯವರ ಪಾಲು ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದ.

ಪಾಠಗಳಲ್ಲಿ ದೇಶಗಳ ಹೆಸರೇ ಬರಕೂಡದೆಂದು ಅದೇ ಮ್ಯಾನೇಜರು ತಾಕೀತು ಮಾಡಿದ್ದ. ಹಿಂದೊಮ್ಮೆ ಯಾವುದೋ ದೇಶವನ್ನು ಹಿಂದುಳಿದದ್ದು ಎಂದು ಅಚ್ಚು ಹಾಕಿದಾಗ, ಅದರ ರಾಯಭಾರ ಕಚೇರಿಯ ಆಸಾಮಿಯೊಬ್ಬ ಬಂದು ಮಧ್ಯಾಹ್ನವಿಡೀ ಅವನ ಎದುರು ಮಾತಿಲ್ಲದೆ ಕೂತಿದ್ದನಂತೆ. ಅಂದಿನಿಂದ ಯಾವ ದೇಶಕ್ಕೂ ಹೆಸರಿಲ್ಲ. ಅ, ಆ, ಇ ಅಷ್ಟೇ.

ಗ್ರಹಚಾರಕ್ಕೆ ಆ ಕಟ್ಟಡದ ಮನೆ ಬಾಗಿಲುಗಳ ಮೇಲೆ ದಪ್ಪಗೆ ಬರೆದಿದ್ದದ್ದೂ ಅವೇ ಅಕ್ಷರಗಳು. ಅ ಎಂದರೆ ಅಧ್ಯಕ್ಷರ ಮನೆ. ಆ ಎಂದರೆ ಹಲ್ಲಿನ ಡಾಕ್ಟರದು. ಇ ಎಂದರೆ ನೆಲಮಹಡಿಯ ದರ್ಜಿಯದು. ಅಲ್ಪವಿರಾಮನ ಮನೆ ಈ.

ಅಧ್ಯಕ್ಷರು ನಿವಾಸಿಗಳ ಸಂಘದ ಅಧ್ಯಕ್ಷರು. ಅವರನ್ನು ಯಾರು, ಯಾವಾಗ ಆರಿಸಿದರೆಂಬುದು ಯಾರಿಗೂ ನೆನಪಿರಲಿಲ್ಲ. ಕಟ್ಟಡಕ್ಕೆ ಮೆಟ್ಟಿಲು ಇರುವ ಹಾಗೆ ಅವರೂ ಇದ್ದರು. ಆ ಬೆಳಿಗ್ಗೆ ಅವರು ಬಾಲ್ಕನಿಯಲ್ಲಿ ಕೂತು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದಾಗ ಮೇಲಿನ ಕಿಟಕಿಯಿಂದ ಮಾತು ಧುಮುಕಿತು:

“ಅ. ಇಲ್ಲಿ ಅಧಿಕಾರವೆಲ್ಲ ಒಬ್ಬನ ಕೈಯಲ್ಲಿದೆ, ಅಲ್ಪವಿರಾಮ! ಚುನಾವಣೆ ಹೆಸರಿಗೆ ಮಾತ್ರ, ಅಲ್ಪವಿರಾಮ! ಪ್ರಶ್ನಿಸಿದವರಿಗೆ ನೀರಿಲ್ಲ, ನೆರಳಿಲ್ಲ, ಪೂರ್ಣವಿರಾಮ!”

ಕತ್ತರಿ ಉಗುರು ಬಿಟ್ಟು ಚರ್ಮಕ್ಕೆ ತಾಗಿತು. ಹೆಂಡತಿ ಗಂಡನ ಹೆಸರು ಹಿಡಿದು ಮಾತುಮಾತಿಗೂ ಅವನನ್ನು ಹುರಿದುಂಬಿಸುತ್ತಿದ್ದಾಳೆ! ಕೊನೆಗೆ ಪೂರ್ಣವಿರಾಮ ಬೇರೆ! ಯಾರಿಗೆ ಪೂರ್ಣವಿರಾಮ?

“ಏನ್ರೀ ಅದು, ಕಿರುಚಿದ್ರಿ?” ಎಂದರು ಒಳಗಿನಿಂದ ಅಧ್ಯಕ್ಷರ ಹೆಂಡತಿ. ಅವರನ್ನು ಇಡೀ ಕಟ್ಟಡವೇ ಅಕ್ಕ ಎನ್ನುತ್ತಿತ್ತು.

“ನಿನಗೆ ತಿಳಿಯೋ ವಿಷಯ ಅಲ್ಲ. ಒಳಗಿರು,” ಎಂದು ಅಧ್ಯಕ್ಷರು ಒಂದೇ ಚಪ್ಪಲಿ ಮೆಟ್ಟಿಕೊಂಡು ಮೇಲೆ ಹೊರಟರು.

ಬಾಗಿಲು ತೆರೆದ ಅಲ್ಪವಿರಾಮನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಎಲ್ಲಾ ಹೇಗಿದೆ ಅಂತ ವಿಚಾರಿಸೋಣ ಅಂತ ಬಂದೆ. ತೊಂದರೆ ಏನೂ ಇಲ್ವಲ್ಲ?” ಎಂದರು.

“ತೊಂದರೆ... ಇದೆ ಸಾರ್. ಬದಲಾಯಿಸ್ಬೇಕು.”

“ಏನನ್ನ?”

“ಮೇಲೆ ಕೂತಿರೋದನ್ನ. ಎಷ್ಟು ವರ್ಷದ್ದೋ ಏನೋ... ಕೆಲಸ ಮಾಡಲ್ಲ. ಬರೀ ಸದ್ದು.” ಅವನು ಫ್ಯಾನಿನ ಕಡೆ ಕೈ ತೋರಿಸುವ ಮೊದಲೇ ಅಧ್ಯಕ್ಷರು ಗೋಡೆ ಹಿಡಿದುಕೊಂಡಿದ್ದರು.

“ಈಗ ಓದ್ತಿದ್ರಲ್ಲ ಮನೆಯವರು, ಅದು ಯಾರ ವಿಷಯ?”

ಅಲ್ಪವಿರಾಮ ಯೋಚಿಸಿದ. ಅಚ್ಚಾಗುವ ಮೊದಲು ಪಾಠದ ವಿವರ ಹೊರಗೆ ಬಿಡಬಾರದೆಂಬ ಕಟ್ಟಪ್ಪಣೆ ಇತ್ತು. “ಅದು... ಅ ವಿಷಯ ಸಾರ್. ಹೆಸರು ಹೇಳ್ಬಾರ್ದು ಅಂತ ಮೇಲಿನಿಂದ ಹೇಳಿದಾರೆ.”

“ಮೇಲಿನಿಂದ! ಮೇಲಿನಿಂದ ಅಂದ್ರೆ ಎಷ್ಟು ಮೇಲಿನಿಂದ?”

“ಅಷ್ಟು ಮೇಲಿನಿಂದೇನೂ... ಅಂದ್ರೆ...”

“ಸಾಕು. ಅರ್ಥ ಆಯ್ತು,” ಎಂದು ಅಧ್ಯಕ್ಷರು ಇಳಿದುಹೋದರು. ಅವರಿಗೆ ಏನು ಅರ್ಥವಾಯಿತೆಂದು ಅಲ್ಪವಿರಾಮನಿಗೆ ಅರ್ಥವಾಗಲಿಲ್ಲ.

ಅಧ್ಯಕ್ಷರು ನೇರವಾಗಿ ಹೋದದ್ದು ಹಲ್ಲಿನ ಡಾಕ್ಟರ ಮನೆಗೆ. ಡಾಕ್ಟರರ ಮುಂದಿನ ಕೋಣೆಯೇ ಚಿಕಿತ್ಸಾಲಯ. ಅಲ್ಲಿ ರಸೀದಿ ಕೇಳಿದವರಿಗೆ ನೋವು ಸ್ವಲ್ಪ ಜಾಸ್ತಿ ಎಂಬ ಮಾತಿತ್ತು.

“ಡಾಕ್ಟ್ರೇ, ಮೇಲಿನ ಮನೆಯೋನು ಯಾರಿಗೋ ವರದಿ ಬರೀತಿದಾನೆ. ನೀವೂ ಅವನ ಜತೆ ಇದೀರಾ?” ಎಂದರು ಅಧ್ಯಕ್ಷರು, ಡಾಕ್ಟರರ ಕಣ್ಣನ್ನೇ ನೋಡುತ್ತ.

“ನಾನಾ? ನಿಮ್ಮ ಮೇಲೆ ಬರೆದ್ರೆ ನನಗೇನು?” ಎಂದರು ಡಾಕ್ಟರ್, ನಿರಾಳವಾಗಿ.

ಇಬ್ಬರೂ ಮೆಟ್ಟಿಲ ಮೇಲೆ ನಿಂತು ಕಿವಿಗೊಟ್ಟರು. ಮೇಲಿನ ಗಂಟಲು ಮುಂದುವರಿದಿತ್ತು: “ಆ. ಆಳದಿಂದ ಕಿತ್ತು ತೆಗೆದದ್ದನ್ನೇ ನಂಬಿಕೊಂಡ ಸಂಪತ್ತು ಇಲ್ಲಿಯದು, ಪೂರ್ಣವಿರಾಮ. ಆದಾಯ ಬಹಳ, ಅಲ್ಪವಿರಾಮ, ಆದರೆ ಅದರ ಲೆಕ್ಕ ಹೊರಗಿನವರಿಗೆ ಸಿಗದು, ಪೂರ್ಣವಿರಾಮ. ಆದ್ದರಿಂದ ಇದನ್ನು ಮುಂದುವರಿದದ್ದು ಎನ್ನಲಾಗದು.”

ಪುಸ್ತಕದ ಮಟ್ಟಿಗೆ ಅದು ಗಣಿ ತೋಡಿ ಬದುಕುವ ದೇಶದ ಮಾತು. ಆದರೆ ಬೆಳಿಗ್ಗೆಯಷ್ಟೇ ಎರಡು ದವಡೆಹಲ್ಲು ಕಿತ್ತಿದ್ದ ಡಾಕ್ಟರರ ಮುಖ ಅವರು ಹಾಕಿಕೊಂಡಿದ್ದ ಬಿಳಿ ಕೋಟಿಗಿಂತ ಬೆಳ್ಳಗಾಯಿತು.

“ತೆರಿಗೆ ಇಲಾಖೆ!” ಎಂದು ಪಿಸುಗುಟ್ಟಿದರು.

ಅಲ್ಪವಿರಾಮ ಫ್ಯಾನಿನ ಮೆಕ್ಯಾನಿಕ್‌ನನ್ನು ಕರೆತರಲೆಂದು ಇಳಿದು ಬಂದದ್ದೇ ತಡ, ಡಾಕ್ಟರ್ ಅವನ ಮೊಣಕೈ ಹಿಡಿದರು. “ಬನ್ನಿ ಬನ್ನಿ. ಎಷ್ಟು ದಿನ ಆಯ್ತು ನಿಮ್ಮ ಹಲ್ಲು ನೋಡಿ! ನಮ್ಮವರಿಗೆಲ್ಲ ಇವತ್ತು ತಪಾಸಣೆ ಪುಕ್ಕಟೆ.”

“ನನಗೆ ಹಲ್ಲು... ನೋವಿಲ್ಲ.”

“ಬರುತ್ತೆ.”

ಕುರ್ಚಿ ಹಿಂದಕ್ಕೆ ವಾಲಿತು. ಹಣೆಯ ಮೇಲೆ ದೀಪ ಉರಿಯಿತು. ಡಾಕ್ಟರ್ ಸಣ್ಣ ಕನ್ನಡಿ ಹಿಡಿದು ಬಗ್ಗಿದರು. “ಆ ಅನ್ನಿ.”

“ಆ...”

“ಆ ಬಗ್ಗೆ ಬರೀತಿದೀರಿ, ಅಲ್ವಾ?”

“ಆ...” ಎಂದ ಅಲ್ಪವಿರಾಮ. ಬಾಯಿಯಲ್ಲಿ ಕನ್ನಡಿ, ಚಿಮಟ, ಡಾಕ್ಟರರ ಎರಡು ಬೆರಳು ಇದ್ದಾಗ ಬೇರೆ ಯಾವ ಅಕ್ಷರವೂ ಬರುವುದಿಲ್ಲ.

“ನಂಗೊತ್ತಿತ್ತು! ಯಾರ ಲೆಕ್ಕ ತೋರಿಸಿಲ್ಲ ಅಂತ ಬರೆದಿದೀರಿ?”

“ಆ... ಆ...”

“ಒಂದು ಸಲ ಹೇಳಿದ್ರೆ ಸಾಕು! ನೋಡಿ, ನನ್ನನ್ನ ಮುಂದುವರಿದೋನು ಅನ್ನಬೇಡಿ. ಹಿಂದುಳಿದೋನು ಅಂತಲೇ ಬರೀರಿ. ಕಷ್ಟದಲ್ಲಿದೀನಿ, ಸಾಲದಲ್ಲಿದೀನಿ ಅಂತ ಹಾಕಿ. ಹಾಕ್ತೀರಾ?”

ಅಲ್ಪವಿರಾಮ ಏಳಲು ಹವಣಿಸಿದ. ಹೆದರಿದ ಡಾಕ್ಟರ್, ಮಾತಿಗೆ ಸಮಯ ಸಿಗಲೆಂದು, ವಸಡಿಗೆ ಮರಗಟ್ಟಿಸುವ ಸೂಜಿ ಚುಚ್ಚಿಬಿಟ್ಟರು. ಚುಚ್ಚಿದ ಮೇಲೆ ಸುಮ್ಮನೆ ಬಿಟ್ಟರೆ ಚೆನ್ನಾಗಿರದೆಂದು, ಗಟ್ಟಿಯಾಗಿದ್ದ ಒಂದು ಹಲ್ಲನ್ನು ಒಂದಿಷ್ಟು ಕೊರೆದು ಮತ್ತೆ ತುಂಬಿದರು. ಅಲ್ಪವಿರಾಮ ಹೊರಗೆ ಬಂದಾಗ ಅವನ ಕೆಳತುಟಿ ಬೇರೆ ಯಾರದೋ ತುಟಿಯನ್ನು ತಂದು ಹೊಲಿದ ಹಾಗೆ ಜೋಲುತ್ತಿತ್ತು.

ಹೊಲಿಯುವವನೇ ಬಾಗಿಲಲ್ಲಿ ನಿಂತಿದ್ದ. ದರ್ಜಿಗೆ ಸುದ್ದಿ ಆಗಲೇ ಮುಟ್ಟಿತ್ತು. ತಮ್ಮೊಬ್ಬರ ಮೇಲೆಯೇ ಕಣ್ಣು ಬೀಳದಿರಲಿ ಎಂದು ಅಧ್ಯಕ್ಷರೇ ಹೋಗಿ, “ನಿನ್ನ ಇ ಮನೇನ ಅತಿ ಹಿಂದುಳಿದದ್ದು ಅಂತ ಬರೆದಿದಾನಂತೆ” ಎಂದು ಹೇಳಿ ಬಂದಿದ್ದರು.

ದರ್ಜಿ ಅಳತೆಯ ಟೇಪನ್ನು ಅಲ್ಪವಿರಾಮನ ಕೊರಳಿಗೆ ಸುತ್ತಿ ಮೆಲ್ಲಗೆ ಅಂಗಡಿಯೊಳಕ್ಕೆ ಎಳೆದುಕೊಂಡ.

“ಹಿಂದುಳಿದೋನು ಅಂದ್ರೆ ನಂಗೇನೂ ಬೇಜಾರಿಲ್ಲ ಸ್ವಾಮಿ. ಹೇಳಿದ ದಿನಕ್ಕೆ ಅಂಗಿ ಕೊಟ್ಟಿದೀನಾ ನಾನು ಯಾವತ್ತಾದ್ರೂ? ಆದ್ರೆ ಹಿಂದುಳಿದೋರಿಗೆ ಹೊರಗಿನಿಂದ ನೆರವು ಬರುತ್ತಂತೆ. ನನ್ನ ಪಾಲಿಂದು ಎಲ್ಲಿ? ಮಧ್ಯದಲ್ಲಿ ಯಾರು ನುಂಗ್ತಿದಾರೆ? ಅಧ್ಯಕ್ಷರಾ? ನೀವಾ?”

ಇನ್ನು ಗುಟ್ಟು ಇಟ್ಟುಕೊಂಡರೆ ಉಳಿಗಾಲವಿಲ್ಲ ಎಂದು ಅಲ್ಪವಿರಾಮನಿಗೆ ಅನ್ನಿಸಿತು. “ಅದು ದೇಶದ ವಿಷಯ ಕಣಪ್ಪಾ!” ಎಂದು ಬಾಯಿಬಿಟ್ಟ. ಮರಗಟ್ಟಿದ ತುಟಿಯಿಂದ ಹೊರಬಿದ್ದದ್ದು ಮಾತ್ರ ಬೇರೆ: “ಅದು ದ್ವೇಷದ ವಿಷಯ ಕಣಪ್ಪಾ!”

ದರ್ಜಿಯ ಕೈ ನಿಂತಿತು. “ದ್ವೇಷಾನಾ? ನಮ್ಮ ಮೇಲೆ ನಿಮಗೆ ಅಷ್ಟೊಂದು ದ್ವೇಷಾನಾ?”

“ಒಂದಲ್ಲ, ಎಷ್ಟೊಂದು ದ್ವೇಷ! ಶಾಲೆ ಮಕ್ಕಳಿಗೆ... ದ್ವೇಷ ಕಲಿಸೋಕೆ...”

“ಅಯ್ಯೋ ಪಾಪಿ!” ಎಂದು ದರ್ಜಿ ಟೇಪು ಬಿಟ್ಟು ಬೀದಿಗೆ ಓಡಿದ.

ಅಲ್ಪವಿರಾಮ ಮನೆ ಸೇರುವ ಹೊತ್ತಿಗೆ ನಲ್ಲಿಯಲ್ಲಿ ನೀರು ನಿಂತಿತ್ತು. ಅಧ್ಯಕ್ಷರು ತಾರಸಿಯ ಟ್ಯಾಂಕಿನ ತಿರುಪು ತಿರುಗಿಸಿದ್ದರು. ಹೆಂಡತಿ ಅವನ ಮುಖ ನೋಡಿ, “ಮೆಕ್ಯಾನಿಕ್‌ನ ಕರೆಯೋಕೆ ಹೋಗಿ ಯಾರ ಹತ್ರ ಹೊಡೆಸಿಕೊಂಡು ಬಂದ್ರಿ?” ಎಂದಳು. ಅವನು ನಡೆದದ್ದನ್ನೆಲ್ಲ ಹೇಳಿದ. ಅವಳಿಗೆ ಒಂದಕ್ಷರವೂ ತಿಳಿಯಲಿಲ್ಲ. ಬರೆದು ತೋರಿಸಿದ ಮೇಲೆ ಅವಳು ಮೊದಲು ನಕ್ಕಳು, ಆಮೇಲೆ ಸೊಂಟಕ್ಕೆ ಕೈಯಿಟ್ಟಳು. “ಬರಲಿ, ನಾನು ಮಾತಾಡ್ತೀನಿ.”

ಬರಬೇಕಾದವರು ತಾವೇ ಕರೆಕಳಿಸಿದರು. ಬಿಸಿಲಿಳಿಯುವ ಹೊತ್ತಿಗೆ, ಕೆಳಗೆ ಸ್ಕೂಟರು ನಿಲ್ಲಿಸುವ ಜಾಗದಲ್ಲಿ, ತುರ್ತು ಸಭೆ. ಅಕ್ಕ ಮನೆಯೊಳಗಿಂದ ಕುರ್ಚಿಗಳನ್ನು ಹೊತ್ತು ತಂದು ಹಾಕಿ, ತಾವು ಹಿಂದಿನ ಸಾಲಿನಲ್ಲಿ ಮಡಿಲಲ್ಲಿ ಕೈಚೀಲವಿಟ್ಟುಕೊಂಡು ಕೂತರು. ಮುಂದೆ ಡಾಕ್ಟರ್ ಮತ್ತು ದರ್ಜಿ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತಿದ್ದರು. ಡಾಕ್ಟರರಿಗೆ ದರ್ಜಿಯ ಮೇಲೆ, ದರ್ಜಿಗೆ ಅಧ್ಯಕ್ಷರ ಮೇಲೆ, ಅಧ್ಯಕ್ಷರಿಗೆ ಎಲ್ಲರ ಮೇಲೆ ಅನುಮಾನ.

“ನಮ್ಮ ನಡುವೆ ಒಬ್ಬ ಗೂಢಚಾರ ಇದಾನೆ,” ಎಂದು ಅಧ್ಯಕ್ಷರು ಶುರುಮಾಡಿದರು.

“ಗೂಢಚಾರನೂ ಇಲ್ಲ, ಗೂಬೆನೂ ಇಲ್ಲ,” ಎಂದಳು ಅಲ್ಪವಿರಾಮನ ಹೆಂಡತಿ. ನಿಂತಿದ್ದ ಸ್ಕೂಟರುಗಳ ಕನ್ನಡಿಗಳು ಅದುರಿದವು. “ಅದು ಮಕ್ಕಳ ಪಾಠ. ದೇಶಗಳ ವಿಷಯ.”

“ಯಾವ ದೇಶ? ಅ ಅಂತ ದೇಶ ಎಲ್ಲಿದೆ? ಅದಕ್ಕೆ ವಿಮಾನ ಎಲ್ಲಿಂದ ಹತ್ತಬೇಕು?” ಎಂದರು ಡಾಕ್ಟರ್.

“ಹೆಸರು ಇಲ್ಲದ ದೇಶಕ್ಕೆ ನೆರವು ಯಾವ ವಿಳಾಸಕ್ಕೆ ಕಳಿಸ್ತಾರೆ?” ಎಂದ ದರ್ಜಿ.

“ಬೇಕಾದ್ರೆ ಮುದ್ರಣಾಲಯಕ್ಕೇ ಫೋನ್ ಮಾಡಿ ಕೇಳಿ!”

ಅಧ್ಯಕ್ಷರು ಅಲ್ಪವಿರಾಮನ ಕೈಯಿಂದಲೇ ಫೋನು ಕಸಿದು ಎಲ್ಲರಿಗೂ ಕೇಳುವ ಹಾಗೆ ಹಿಡಿದರು. ಆ ಕಡೆಯಿಂದ ಮ್ಯಾನೇಜರ್, “ಪ್ರೂಫ್ ಎಲ್ಲಿ? ಇನ್ನೂ ಬಂದಿಲ್ವಲ್ಲ!” ಎಂದು ಗುಡುಗಿದ. ಪಾಠ ದೇಶಗಳದ್ದೇ ಎಂದು ಒಪ್ಪಿಕೊಂಡ. ಬರೆದವರು ಯಾರೆಂದು ಕೇಳಿದಾಗ ಮಾತ್ರ ರಾಗ ಎಳೆದ.

“ತಜ್ಞರ ಸಮಿತಿ ಬರೆದದ್ದು.”

“ಸಮಿತಿಯಲ್ಲಿ ಯಾರ್‍ಯಾರಿದಾರೆ?”

“ಅದು ನನಗೂ ಗೊತ್ತಿಲ್ಲ ಸ್ವಾಮಿ. ಪಾಠಗಳು ಅಂಚೆಯಲ್ಲಿ ಬರ್ತವೆ. ಏನಾದ್ರೂ ಕೇಳ್ಬೇಕಾದ್ರೆ ಒಂದು ನಂಬರ್ ಇದೆ.” ನಂಬರು ಹೇಳಿ, “ಪ್ರೂಫ್ ಬೇಗ ಕಳಿಸಿ!” ಎಂದು ಇಟ್ಟುಬಿಟ್ಟ.

ಡಾಕ್ಟರ್ ತಮ್ಮ ಫೋನಿನಲ್ಲಿ ಆ ನಂಬರನ್ನು ಒತ್ತಿದರು. ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಎಲ್ಲೋ ಒಂದು ಗಂಟೆ ಸಣ್ಣಗೆ ಕಿಣಿಕಿಣಿಗುಟ್ಟಿತು. ದರ್ಜಿ ತನ್ನ ಜೇಬು ಮುಟ್ಟಿಕೊಂಡ. ಅಧ್ಯಕ್ಷರು ತಮ್ಮ ಜೇಬು ಮುಟ್ಟಿಕೊಂಡರು. ಸದ್ದು ಹಿಂದಿನ ಸಾಲಿನ ಕೈಚೀಲದಿಂದ ಬರುತ್ತಿತ್ತು.

ಅಕ್ಕ ಚೀಲ ತೆರೆದು, ಫೋನು ತೆಗೆದು, ಗುಂಡಿ ಒತ್ತಿ, “ಹಲೋ, ತಜ್ಞರ ಸಮಿತಿ” ಎಂದರು. ಅವರ ಬಾಯಿಂದಲೂ ಡಾಕ್ಟರರ ಫೋನಿನಿಂದಲೂ ಅದು ಒಟ್ಟಿಗೇ ಕೇಳಿಸಿತು.

ಅಧ್ಯಕ್ಷರು ಕೂರಲು ಹೋದರು. ಹಿಂದೆ ಕುರ್ಚಿ ಇರಲಿಲ್ಲ. ದರ್ಜಿ ಅವರನ್ನು ಎತ್ತಿ ನಿಲ್ಲಿಸಿದ.

“ನೀನು... ಸಮಿತಿ?”

“ಮದುವೆಗೆ ಮೊದಲು ಪಾಠ ಹೇಳ್ತಿದ್ದೆನಲ್ಲ, ನಿಮಗೆ ಮರೆತುಹೋಗಿರ್ಬೇಕು. ನೀವು ದಿನಾ ಕಟ್ಟಡ ಸುತ್ತೋ ಹೊತ್ತಿನಲ್ಲಿ ಬರೀತೀನಿ. ಒಬ್ಬಳೇ ಹೆಂಗಸು ಅಂದ್ರೆ ಅವರು ಒಪ್ಪಲ್ಲ ಅಂತ ಸಮಿತಿ ಅಂತ ಹಾಕ್ಕೊಂಡೆ.”

“ಅಂದ್ರೆ ಅದು ನಿಜವಾಗ್ಲೂ ದೇಶಗಳ ಪಾಠ?”

“ದೇಶಗಳದ್ದೇ.”

ಸಭೆ ಒಟ್ಟಾಗಿ ಉಸಿರು ಬಿಟ್ಟಿತು. ದರ್ಜಿ ನಾಚಿಕೊಂಡು ಅಲ್ಪವಿರಾಮನ ಕಾಲರು ಸರಿಮಾಡಿದ. ಡಾಕ್ಟರ್ ಅವನ ದವಡೆ ಸವರಿದರು. ಅಲ್ಲಿಗೆ ಎಲ್ಲರೂ ಎದ್ದಿದ್ದರೆ ಎಲ್ಲವೂ ಸುಖವಾಗಿ ಮುಗಿಯುತ್ತಿತ್ತು. ಆದರೆ ಅಧ್ಯಕ್ಷರ ಅನುಮಾನ ಒಮ್ಮೆ ಎದ್ದರೆ ಮಲಗುವಂಥದ್ದಲ್ಲ.

“ಆದ್ರೂ, ಒಂದು ಮಾತು. ಆ ಅ ಅಂದ್ರೆ ಯಾವ ದೇಶ?”

ಅಕ್ಕ ಸ್ವಲ್ಪ ಹೊತ್ತು ಕೈಚೀಲದ ಬಾಯಿ ತೆರೆದು ಮುಚ್ಚಿದರು. “ಅಂಕಿಅಂಶದ ಪುಸ್ತಕ ಕಳಿಸಿದ್ರು. ತಲೆಬುಡ ತಿಳೀಲಿಲ್ಲ. ಮಕ್ಕಳಿಗೆ ಅರ್ಥ ಆಗೋ ಹಾಗೆ ಬರೀಬೇಕಿತ್ತು. ಕಣ್ಣ ಮುಂದೆ ಏನಿತ್ತೋ ಅದನ್ನ ನೋಡಿ ಬರೆದೆ.”

“ಕಣ್ಣ ಮುಂದೆ ಅಂದ್ರೆ? ನಮ್ಮನ್ನ ನೋಡಿ?”

“ಮತ್ತಿನ್ನೇನು? ಮದುವೆಯಾಗಿ ಬಂದಾಗಿನಿಂದ ಒಂದು ದಿನ ಈ ಗೇಟು ದಾಟಿಸಿದೀರಾ? ನಾನು ಇನ್ಯಾವ ದೇಶ ನೋಡಿದೀನಿ ಹೇಳಿ!”

ಬೆಳಿಗ್ಗೆಯಿಂದ ಎಲ್ಲರಿಗೂ ಬಂದಿದ್ದ ಅನುಮಾನ ಅಕ್ಷರಶಃ ನಿಜವಾಗಿತ್ತು. ತಪ್ಪು ಮನುಷ್ಯನ ಹಲ್ಲಿಗೆ ತೂತು ಬಿದ್ದಿತ್ತು ಅಷ್ಟೇ.

ಮೊದಲು ಎಚ್ಚೆತ್ತವರು ಡಾಕ್ಟರ್. ಪುಸ್ತಕ ಇನ್ನೂ ಅಚ್ಚಾಗಿಲ್ಲ, ಬರೆಯುವವರ ಮನಸ್ಸು ಒಲಿಸಿಕೊಳ್ಳುವ ಕಾಲ ಇದೇ ಎಂದು ಅವರಿಗೆ ಹೊಳೆಯಿತು. “ನನ್ನ ಅಭಿಪ್ರಾಯದಲ್ಲಿ ಸಂಘಕ್ಕೆ ಚುನಾವಣೆ ಆಗಬೇಕು. ಅಕ್ಕನೇ ಅಧ್ಯಕ್ಷರಾಗಲಿ!” ಎಂದು ಎದ್ದರು. ನೆರವಿನ ಆಸೆ ಇನ್ನೂ ಬಿಡದ ದರ್ಜಿ ಅವರಿಗಿಂತ ಎತ್ತರಕ್ಕೆ ಕೈ ಎತ್ತಿದ. ಅಲ್ಪವಿರಾಮನ ಹೆಂಡತಿ, ನಲ್ಲಿಯ ನೀರು ನೆನೆದು, ಎರಡೂ ಕೈ ಎತ್ತಿದಳು. ಮಾಜಿ ಅಧ್ಯಕ್ಷರು ಒಂದು ಗಳಿಗೆ ಸುತ್ತ ನೋಡಿ, ಮನೆಗೆ ಹೋಗಿ ಊಟ ಮಾಡಬೇಕಾದವರ ಹಾಗೆ ಮೆಲ್ಲಗೆ ಕೈ ಎತ್ತಿದರು.

ಅವರು ಸಾಮಾನ್ಯ ಸದಸ್ಯರಾದ ಮೊದಲ ಕ್ಷಣದಲ್ಲೇ ಒಂದು ನಿರ್ಣಯ ಮಂಡಿಸಿದರು. “ಆದದ್ದು ಆಯ್ತು. ಇಷ್ಟಕ್ಕೆಲ್ಲ ಕಾರಣ ಬರೆದೋರಲ್ಲ, ಊರಿಗೆಲ್ಲ ಕೇಳೋ ಹಾಗೆ ಓದಿದೋರು. ಇನ್ನು ಮುಂದೆ ಈ ಕಟ್ಟಡದಲ್ಲಿ ಯಾರೂ ಜೋರಾಗಿ ಓದಕೂಡದು. ಒಪ್ಪೋರು ಕೈ ಎತ್ತಿ.”

ಡಾಕ್ಟರ್ ಎತ್ತಿದರು. ದರ್ಜಿ ಎತ್ತಿದ. ಇದಾದರೆ ತನ್ನ ಹೊಟ್ಟೆಪಾಡೇ ಮುಗಿಯಿತೆಂದು ಗಾಬರಿಯಾದ ಅಲ್ಪವಿರಾಮ, ಮಾತಾಡಲು ಅನುಮತಿ ಕೇಳುವುದಕ್ಕೆ ತಾನೂ ಕೈ ಎತ್ತಿದ.

“ನೋಡಿ, ಅವರೂ ಒಪ್ಪಿದಾರೆ,” ಎಂದರು ಹೊಸ ಅಧ್ಯಕ್ಷರು. “ಇಂಥಾದ್ದಕ್ಕೇ ಜನರ ಆಡಳಿತ ಅನ್ನೋದು. ಆಮೇಲೆ, ಪ್ರೂಫ್ ಇವತ್ತು ಕಳಿಸಬೇಡಿ. ಅ ದೇಶದಲ್ಲಿ ಚುನಾವಣೆ ಆಯ್ತಲ್ಲ, ಪಾಠ ಹಳೇದಾಯ್ತು. ಈಗಲೇ ಬೇರೆ ಬರೆದುಕೊಡ್ತೀನಿ, ನಾಳೆ ಬೆಳಿಗ್ಗೆ ಕಳಿಸಿ. ನಿಮ್ಮ ಮ್ಯಾನೇಜರ್‌ಗೆ ನೀವೇ ಏನಾದ್ರೂ ಹೇಳ್ಕೊಳ್ಳಿ.”

ಅಲ್ಪವಿರಾಮ ಮ್ಯಾನೇಜರನಿಗೆ ಫೋನು ಮಾಡಿ, “ದೇಶ ಬದಲಾಗಿದೆ” ಎಂದ. “ಯಾರ ಮೇಲೆ ದ್ವೇಷ? ಬೆದರಿಸ್ತೀರಾ?” ಎಂದು ಆ ಕಡೆ ಫೋನು ಕುಕ್ಕಿದ ಸದ್ದು ಬಂತು.

ದೀಪ ಹಚ್ಚುವ ಹೊತ್ತಿಗೆ ಹೊಸ ಪಾಠ ಕೈಸೇರಿತು. ಅದನ್ನು ಪ್ರೂಫಿನ ಹಾಳೆಗೆ ಇಳಿಸಲು ಕಿಟಕಿಯ ಪಕ್ಕ ಗಂಡಹೆಂಡಿರು ಮತ್ತೆ ಕೂತರು. ನಿರ್ಣಯ ನಿರ್ಣಯವೇ. ಹುಟ್ಟಿದಾಗಿನಿಂದ ಪಿಸುಗುಟ್ಟಿ ಅಭ್ಯಾಸವಿಲ್ಲದ ಹೆಂಡತಿ, ಗಂಡನ ಕಿವಿಗೆ ಬಾಯಿಟ್ಟು, ಸೈಕಲ್ಲಿನ ಗಾಳಿ ಬಿಟ್ಟ ಹಾಗೆ ಸುಸ್ಸೆಂದು ಓದತೊಡಗಿದಳು: “ಅ. ಇಲ್ಲಿ ಈಗ ಜನರೇ ಆರಿಸಿದ ನ್ಯಾಯವಂತ ಆಡಳಿತವಿದೆ, ಅಲ್ಪವಿರಾಮ, ಯಾರೂ ಯಾರನ್ನೂ ಅನುಮಾನಿಸುವುದಿಲ್ಲ...”

ಕೆಳಗಿನ ಬಾಲ್ಕನಿಯಲ್ಲಿ ಕುರ್ಚಿಯೊಂದು ಕಿರುಗುಟ್ಟಿತು.

“ರೀ, ಕೇಳಿಸ್ತಾ?” ಎಂದಿತು ಅಕ್ಕನ ದನಿ.

“ಹೂಂ. ಪಿಸುಗುಡ್ತಿದಾರೆ,” ಎಂದಿತು ಮಾಜಿ ಅಧ್ಯಕ್ಷರ ದನಿ, ತುಂಬ ಸಮಾಧಾನದಿಂದ.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಯಾರೋ ಬಾಗಿಲನ್ನು ದಬದಬನೆ ಬಡಿದರು. ಹೊರಗೆ ಹೊಸ ಅಧ್ಯಕ್ಷರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

“ಏನ್ರೀ ಅದು ಅಷ್ಟೊಂದು ಗುಟ್ಟಾಗಿ ಓದ್ತಿರೋದು? ಅದೂ ನಾನು ಬರೆದದ್ದನ್ನ, ನನ್ನ ಬೆನ್ನ ಹಿಂದೆ!”